ಬಿಸಿನೀರಿನ ಮಹಲಿಗೆ ಮರುಜೀವ



ದೀಪಾವಳಿಯ ಹಿಂದಿನ ಸಂಜೆ ನಮ್ಮ ಮನೆಗಳಲ್ಲಿ ನೀರು ತುಂಬುವ ಹಬ್ಬ ನಡೆಯುತ್ತದೆ. ಬಚ್ಚಲುಮನೆಯ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ನೀರು ತುಂಬಿ, ಕೊರಳಿಗೆ ಹೂವಿನ ಹಾರ ಹಾಕುತ್ತಾರೆ. ಮರುದಿನ ಬೆಳಗಿನ ಜಾವ ಯಾರೋ ಒಬ್ಬರು ಎಲ್ಲರಿಗಿಂತ ಮೊದಲೇ ಎದ್ದು ಒಲೆ ಉರಿ ಹಾಕಬೇಕು. ಮನೆಮಂದಿಗೆಲ್ಲ ಎಣ್ಣೆನೀರಿನ ಸ್ನಾನ ಮುಗಿಯುವ ಹೊತ್ತಿಗೆ ಅವರ ಕಣ್ಣು ಹೊಗೆಯಿಂದ ಕೆಂಪಾಗಿರುತ್ತದೆ. ನೀರು ಕಾಯಿಸುವುದು ಎಷ್ಟು ಶ್ರಮದ ಕೆಲಸವೆಂಬುದು ಸ್ವಿಚ್ ಒತ್ತಿ ಸ್ನಾನ ಮಾಡುವ ನಮಗೆ ಇಂದು ಮರೆತುಹೋಗಿದೆ.

ಒಲೆ ಇಲ್ಲದೆ, ಸೌದೆ ಇಲ್ಲದೆ, ದಿನಕ್ಕೆ ಸುಮಾರು 25 ಲಕ್ಷ ಲೀಟರ್ ಬಿಸಿನೀರು ಬೆಟ್ಟದ ಬುಡದಿಂದ ತಾನಾಗಿಯೇ ಉಕ್ಕುವ ಒಂದು ಊರನ್ನು ಕಲ್ಪಿಸಿಕೊಳ್ಳಿ. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿರುವ ಆರ್ಕನ್ಸಾ ರಾಜ್ಯದಲ್ಲಿ ಅಂಥದೊಂದು ಊರಿದೆ. ಅದರ ಹೆಸರೇ ಹಾಟ್ ಸ್ಪ್ರಿಂಗ್ಸ್, ಅಂದರೆ ಬಿಸಿನೀರಿನ ಬುಗ್ಗೆಗಳು. ಊರಿನ ಮುಖ್ಯ ಬೀದಿಯ ಒಂದು ಬದಿಯಲ್ಲಿ, ಬೆಟ್ಟಕ್ಕೆ ಬೆನ್ನು ಮಾಡಿ, ಎಂಟು ಮಹಲುಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಒಂದರ ನೆತ್ತಿಯ ಮೇಲೆ ಬಣ್ಣಬಣ್ಣದ ಹೆಂಚುಗಳನ್ನು ಹೊದಿಸಿದ ದೊಡ್ಡ ಗುಮ್ಮಟವಿದೆ, ಗುಮ್ಮಟದ ತುದಿಯಲ್ಲಿ ತಾಮ್ರದ ಪುಟ್ಟ ಶಿಖರವಿದೆ. ಇದರ ಹೆಸರು ಕ್ವಾಪಾ. 1922ರಲ್ಲಿ ಬಾಗಿಲು ತೆರೆದ ಈ ಮಹಲು ಎರಡು ಸಲ ಮುಚ್ಚಿ, ವರ್ಷಗಟ್ಟಲೆ ಪಾಳುಬಿದ್ದು, 2008ರಲ್ಲಿ ‘ಡೇ ಸ್ಪಾ’ ಆಗಿ ಮತ್ತೆ ತೆರೆಯಿತು. ಬೆಳಿಗ್ಗೆ ಬಂದು, ಸ್ನಾನ, ಅಂಗಮರ್ದನ, ವಿಶ್ರಾಂತಿ ಮುಗಿಸಿಕೊಂಡು ಅದೇ ದಿನ ಮನೆಗೆ ಮರಳುವ ಜಾಗಕ್ಕೆ ಡೇ ಸ್ಪಾ ಎನ್ನುತ್ತಾರೆ. ‘ಸ್ಪಾ’ ಎಂಬುದು ಮೂಲತಃ ಬೆಲ್ಜಿಯಂ ದೇಶದ ಒಂದು ಊರಿನ ಹೆಸರು. ಅಲ್ಲಿನ ಖನಿಜ ನೀರಿನ ಬುಗ್ಗೆಗಳಿಂದಾಗಿ ಊರಿನ ಹೆಸರೇ ಇಂಥ ಜಾಗಗಳಿಗೆಲ್ಲ ಹೆಸರಾಯಿತು.

ಹಳೆಯ ಕಟ್ಟಡವೊಂದು ಮತ್ತೆ ಬಳಕೆಗೆ ಬಂದರೆ ಉಳಿಯುವುದು ಏನು? ಅದರ ಗೋಡೆಗಳು ಮಾತ್ರವೇ, ಅಥವಾ ಅಲ್ಲಿ ಬಾಳಿ ಬೆವರು ಸುರಿಸಿದವರ ಕಥೆಯೂ ಉಳಿಯುತ್ತದೆಯೇ? ಈ ಲೇಖನದಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಉತ್ತರ ಹುಡುಕಲು ಮೊದಲು ನೆಲದಡಿಗೆ ಇಳಿಯೋಣ.

ನೀರು ಬಿಸಿಯಾಗುವುದು ಹೇಗೆ?

ಬಿಸಿನೀರಿನ ಬುಗ್ಗೆ ಎಂದೊಡನೆ ನಿಮಗೆ ಜ್ವಾಲಾಮುಖಿ ನೆನಪಾಗಬಹುದು. ಹಾಟ್ ಸ್ಪ್ರಿಂಗ್ಸ್‌ನಲ್ಲಿ ಜ್ವಾಲಾಮುಖಿಯ ಪಾತ್ರವಿಲ್ಲ. ಇಲ್ಲಿಯ ನೀರಿಗೆ ಗಂಧಕದ ವಾಸನೆಯೂ ಇಲ್ಲ. ಇದು ಬರಿಯ ಮಳೆನೀರು. ವಾಷಿಟಾ ಬೆಟ್ಟಸಾಲಿನ ಮೇಲೆ ಬಿದ್ದ ಮಳೆ, ಬಿರುಕುಬಿಟ್ಟ ಚರ್ಟ್ ಮತ್ತು ನೊವಾಕ್ಯುಲೈಟ್ ಎಂಬ ಶಿಲಾಸ್ತರಗಳ ಮೂಲಕ ಬಹು ನಿಧಾನವಾಗಿ ಕೆಳಗಿಳಿಯುತ್ತದೆ. ಭೂಮಿಯೊಳಕ್ಕೆ ಇಳಿದಂತೆಲ್ಲ ಉಷ್ಣತೆ ಏರುತ್ತದೆಯಷ್ಟೆ. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ಸುಮಾರು 3 ಕಿಲೋಮೀಟರ್ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತಿತ್ತೆಂದು ನೀವು ಕೇಳಿರಬಹುದು. ಅಲ್ಲಿಯೂ ಜ್ವಾಲಾಮುಖಿ ಇರಲಿಲ್ಲ. ಭೂಗರ್ಭದ ಸಹಜ ಶಾಖವೇ ಕಾರಣ. ಹಾಟ್ ಸ್ಪ್ರಿಂಗ್ಸ್‌ನ ನೀರೂ ಹೀಗೆಯೇ ಒಂದೂವರೆಯಿಂದ ಎರಡೂವರೆ ಕಿಲೋಮೀಟರ್ ಆಳದವರೆಗೆ ಇಳಿದು, ಅಲ್ಲಿಯ ಬಂಡೆಗಳ ಬಿಸಿಯನ್ನು ಹೀರಿಕೊಳ್ಳುತ್ತದೆ.

ಇಳಿಯುವಾಗ ಆಮೆಯ ನಡಿಗೆ, ಏರುವಾಗ ಕುದುರೆಯ ಓಟ. ಆಳದಲ್ಲಿ ಬಿಸಿಯಾದ ನೀರು ಸ್ತರಭಂಗಗಳ ದಾರಿ ಸಿಕ್ಕ ಕೂಡಲೇ ಬಲುಬೇಗ ಮೇಲೇರುತ್ತದೆ. ತಣಿಯಲು ಹೆಚ್ಚು ಸಮಯ ಸಿಗದ ಕಾರಣ ಬೆಟ್ಟದ ಪಶ್ಚಿಮದ ಇಳಿಜಾರಿನಲ್ಲಿರುವ 47 ಬುಗ್ಗೆಗಳಲ್ಲಿ ಅದು ಸರಾಸರಿ 62 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೇ ಹೊರಬರುತ್ತದೆ. ಕೈ ಇಟ್ಟರೆ ಸುಡುವಷ್ಟು ಬಿಸಿ ಅದು.

ಈ ನೀರಿಗೆ ವಯಸ್ಸೆಷ್ಟು? ಅದನ್ನೂ ಅಳೆದಿದ್ದಾರೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ನೀರಿನಲ್ಲಿ ಕರಗಿದ್ದ ಇಂಗಾಲ-14ರ ಪ್ರಮಾಣವನ್ನು ಪರೀಕ್ಷಿಸಿದರು. ಇಂಗಾಲ-14ರ ಅರ್ಧಾಯುಷ್ಯ ಸುಮಾರು 5,730 ವರ್ಷಗಳು. ಉಳಿದಿರುವ ಪ್ರಮಾಣದಿಂದ ನೀರು ನೆಲದೊಳಗೆ ಹೊಕ್ಕ ಕಾಲವನ್ನು ಲೆಕ್ಕಹಾಕಬಹುದು. ಉತ್ತರ ಬಂದದ್ದು ಸುಮಾರು 4,400 ವರ್ಷ. ಟ್ರಿಟಿಯಂ ಪರೀಕ್ಷೆಯಿಂದ, ಇತ್ತೀಚಿನ ಮಳೆಯ ತಣ್ಣೀರೂ ಸ್ವಲ್ಪ ಬೆರೆಯುತ್ತದೆಂದು ತಿಳಿಯಿತು. ಹಾಗಾದರೆ ಇಂದು ಕ್ವಾಪಾ ಮಹಲಿನ ಕೊಳದಲ್ಲಿ ತುಂಬುವ ನೀರಿನ ಬಹುಭಾಗ, ಮೊಹೆಂಜೊದಾರೊದ ಜನ ತಮ್ಮ ಊರಿನ ದೊಡ್ಡ ಸ್ನಾನದ ಕೊಳವನ್ನು ಬಳಸುತ್ತಿದ್ದ ಕಾಲದಲ್ಲಿ ಮಳೆಯಾಗಿ ಸುರಿದದ್ದು. ಇತಿಹಾಸದ ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಓದುವ ಸಂಗತಿಗಳು ಹೀಗೆ ಒಂದು ತಂಬಿಗೆ ನೀರಿನಲ್ಲಿ ಕೂಡಿಕೊಳ್ಳುತ್ತವೆ.

ನೀರು ಯಾರದು?

ಬುಗ್ಗೆಗಳ ಸುತ್ತ ಸಾವಿರಾರು ವರ್ಷಗಳಿಂದ ಅಮೆರಿಕದ ಮೂಲನಿವಾಸಿಗಳು ಓಡಾಡಿಕೊಂಡಿದ್ದರು. ಸುತ್ತಲ ಬೆಟ್ಟಗಳ ನೊವಾಕ್ಯುಲೈಟ್ ಕಲ್ಲು ಗಟ್ಟಿಯಾದದ್ದು, ಒಡೆದರೆ ಹರಿತವಾದ ಅಂಚು ಕೊಡುವಂಥದು. ಈಟಿಯ ಮೊನೆಗೂ ಕತ್ತರಿಸುವ ಉಪಕರಣಗಳಿಗೂ ಅವರು ಅದನ್ನು ಅಗೆದು ತೆಗೆಯುತ್ತಿದ್ದರು. ಅಂಥ ಹಳೆಯ ಕಲ್ಲುಗಣಿಗಳ ಗುರುತು ಈಗಲೂ ಕಾಣಸಿಗುತ್ತದೆ.

1803ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಫ್ರಾನ್ಸಿನಿಂದ ಲೂಸಿಯಾನ ಎಂಬ ಭಾರಿ ಭೂಭಾಗವನ್ನು ಕೊಂಡುಕೊಂಡಿತು. ಕೊಂಡ ನೆಲದಲ್ಲಿ ಏನೇನಿದೆ ಎಂದು ತಿಳಿಯಬೇಕಲ್ಲವೆ? ಅಧ್ಯಕ್ಷ ಥಾಮಸ್ ಜೆಫರ್ಸನ್ ಕಳುಹಿಸಿದ ತಂಡಗಳಲ್ಲಿ ವಿಲಿಯಂ ಡನ್‌ಬಾರ್ ಮತ್ತು ಜಾರ್ಜ್ ಹಂಟರ್ ಅವರದೂ ಒಂದು. ಅವರು 1804ರ ಡಿಸೆಂಬರಿನಲ್ಲಿ ಬುಗ್ಗೆಗಳನ್ನು ತಲುಪಿ ನೀರಿನ ಉಷ್ಣತೆಯನ್ನು ಅಳೆದರು. ಅಷ್ಟರಲ್ಲಾಗಲೇ ಸ್ನಾನಕ್ಕೆ ಬರುವವರು ಕಟ್ಟಿಕೊಂಡಿದ್ದ ಮರದ ಗುಡಿಸಲು ಅಲ್ಲಿತ್ತು.

1818ರಲ್ಲಿ ಕ್ವಾಪಾ ಎಂಬ ಮೂಲನಿವಾಸಿ ಜನಾಂಗ ಒಪ್ಪಂದವೊಂದರ ಮೂಲಕ ತನ್ನ ವಿಶಾಲ ನೆಲವನ್ನು ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು. ಬಿಸಿನೀರಿನ ಬುಗ್ಗೆಗಳಿದ್ದ ಪ್ರದೇಶವೂ ಅದರಲ್ಲಿ ಸೇರಿತ್ತು. ಮುಂದೆ 1830ರ ದಶಕದಲ್ಲಿ ಆ ಜನ ಆರ್ಕನ್ಸಾದಿಂದಲೇ ಹೊರಬಿದ್ದು ಇಂದಿನ ಒಕ್ಲಹೋಮಾ ರಾಜ್ಯದ ಕಡೆಗೆ ಹೋಗಬೇಕಾಯಿತು. ಮಹಲಿಗೆ ಕ್ವಾಪಾ ಎಂಬ ಹೆಸರು ಬಂದದ್ದು ಇವರಿಂದ. ಕಟ್ಟಡದ ಮುಂಬಾಗಿಲ ಮೇಲ್ಭಾಗದಲ್ಲಿ ಮೂಲನಿವಾಸಿಯೊಬ್ಬನ ತಲೆಯ ಕೆತ್ತನೆಯಿದೆ. ನೆಲ ಕಳೆದುಕೊಂಡವರ ಹೆಸರೂ ಮುಖವೂ ನೂರು ವರ್ಷಗಳ ಬಳಿಕ ಅದೇ ನೆಲದ ಕಟ್ಟಡಕ್ಕೆ ಅಲಂಕಾರವಾದವು ಎಂಬುದನ್ನು ಗಮನಿಸಿ.

1832ರ ಏಪ್ರಿಲ್ 20ರಂದು ಒಂದು ಮಹತ್ವದ ಕಾನೂನು ಬಂತು. ಬುಗ್ಗೆಗಳನ್ನೂ ಸುತ್ತಲಿನ ನಾಲ್ಕು ಚದರ ಮೈಲಿಗಳಷ್ಟು ನೆಲವನ್ನೂ ಯಾರಿಗೂ ಮಾರದೆ ಸರ್ಕಾರ ತನ್ನಲ್ಲೇ ಇರಿಸಿಕೊಳ್ಳಬೇಕೆಂದು ಅಮೆರಿಕದ ಸಂಸತ್ತು ತೀರ್ಮಾನಿಸಿತು. ಪ್ರಪಂಚದ ಮೊದಲ ರಾಷ್ಟ್ರೀಯ ಉದ್ಯಾನವೆಂದು ನಾವು ಓದುವ ಯೆಲ್ಲೋಸ್ಟೋನ್ ಸ್ಥಾಪನೆಯಾದದ್ದು 1872ರಲ್ಲಿ. ಅದಕ್ಕೂ 40 ವರ್ಷ ಮೊದಲೇ ಈ ಬುಗ್ಗೆಗಳು ಕಾಯ್ದಿಟ್ಟ ಪ್ರದೇಶವಾಗಿದ್ದವು. ಕಾನೂನು ಬಂದರೂ ಜಾಗ ತಮ್ಮದೆಂದು ಹೇಳುವವರ ಜಗಳ ಮುಗಿಯಲಿಲ್ಲ. 1876ರಲ್ಲಿ ಸರ್ವೋಚ್ಚ ನ್ಯಾಯಾಲಯ ಸರ್ಕಾರದ ಪರವಾಗಿ ತೀರ್ಪು ಕೊಟ್ಟ ಮೇಲೆಯೇ ಅದು ಇತ್ಯರ್ಥವಾಯಿತು. 1878ರ ಕಾನೂನಿನಲ್ಲಿ ಬಡ ರೋಗಿಗಳಿಗೆ ಉಚಿತ ಸ್ನಾನದ ವ್ಯವಸ್ಥೆಯನ್ನೂ ಸೇರಿಸಿದರು. 1921ರ ಮಾರ್ಚಿಯಲ್ಲಿ ಇದು ಅಧಿಕೃತವಾಗಿ ರಾಷ್ಟ್ರೀಯ ಉದ್ಯಾನವಾಯಿತು.

ಹೀಗಾಗಿ ಇಲ್ಲೊಂದು ವಿಶಿಷ್ಟ ವ್ಯವಸ್ಥೆ ಬೆಳೆಯಿತು. ನೀರು ಸರ್ಕಾರದ್ದು, ನೆಲ ಸರ್ಕಾರದ್ದು. ಅದರ ಮೇಲೆ ಸ್ನಾನಗೃಹ ಕಟ್ಟಿ ನಡೆಸುವುದು ಖಾಸಗಿಯವರ ಕೆಲಸ. ಸ್ನಾನದ ದರ, ಸೇವೆಯ ನಿಯಮ ಇವುಗಳ ಮೇಲೆ ಸರ್ಕಾರದ ಹಿಡಿತ. ಈ ವ್ಯವಸ್ಥೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಮಹಲು ಉಳಿದದ್ದು ಇದರಿಂದಲೇ.

ಮಹಲುಗಳ ಸಾಲು

ಮೊದಮೊದಲು ಇಲ್ಲಿಗೆ ಬರುವುದೇ ಪ್ರಯಾಸವಾಗಿತ್ತು. ಒರಟು ದಾರಿಯಲ್ಲಿ ಕುದುರೆಗಾಡಿಯ ಪ್ರಯಾಣ. ಜೋಸೆಫ್ ರೆನಾಲ್ಡ್ಸ್ ಎಂಬ ವ್ಯಾಪಾರಿ ಆ ಗಾಡಿಯಲ್ಲಿ ಮೈಕೈ ನೋಯಿಸಿಕೊಂಡು ಬಂದವನು, ತಾನೇ ಒಂದು ಕಿರು ರೈಲುಮಾರ್ಗ ಹಾಕಿಸಿದ. 1875ರಲ್ಲಿ ರೈಲು ಬಂತು, ರೈಲಿನೊಡನೆ ಜನ ಬಂದರು. ಸಂಧಿವಾತದವರು, ಚರ್ಮರೋಗದವರು, ಸಿಫಿಲಿಸ್ ರೋಗಿಗಳು ಬಂದರು. ರೋಗವೇನೂ ಇಲ್ಲದ ಶ್ರೀಮಂತರೂ ಬಂದರು. 1886ರಿಂದ ಬೇಸ್‌ಬಾಲ್ ತಂಡಗಳು ಪಂದ್ಯಗಳ ಋತುವಿಗೆ ಮುನ್ನ ಮೈ ಹದಮಾಡಿಕೊಳ್ಳಲು ಇಲ್ಲಿಗೆ ಬರತೊಡಗಿದವು.

ಊರಿನ ನಡುವೆ ಹರಿಯುತ್ತಿದ್ದ ತೊರೆಯನ್ನು 1880ರ ದಶಕದಲ್ಲಿ ಕಲ್ಲಿನ ಕಮಾನು ಕಟ್ಟಿ ಮುಚ್ಚಿದರು. ಅದರ ಮೇಲೆ ಅಗಲವಾದ ಬೀದಿ ಬಂತು. ತೊರೆ ಇಂದಿಗೂ ಬೀದಿಯಡಿಯಲ್ಲಿ ಹರಿಯುತ್ತಿದೆ. ಬೀದಿಯ ಪಕ್ಕದಲ್ಲಿದ್ದ ಮರದ ಸ್ನಾನಗೃಹಗಳು ಬೆಂಕಿಗೆ ಸುಲಭದ ತುತ್ತಾಗಿದ್ದವು. ಬಿಸಿ ಹಬೆಯಿಂದ ಮರ ಬೇಗ ಕೊಳೆಯುತ್ತಲೂ ಇತ್ತು. ಆದ್ದರಿಂದ 1912ರಿಂದ 1923ರವರೆಗಿನ ಹನ್ನೆರಡು ವರ್ಷಗಳಲ್ಲಿ ಇಟ್ಟಿಗೆ, ಕಾಂಕ್ರೀಟು, ಗಾರೆಗಳ ಭವ್ಯ ಕಟ್ಟಡಗಳು ಎದ್ದುನಿಂತವು. ಬಕ್‌ಸ್ಟಾಫ್ ಮತ್ತು ಮಾರಿಸ್ 1912ರಲ್ಲಿ, ಫೋರ್ಡೈಸ್ 1915ರಲ್ಲಿ, ಸುಪೀರಿಯರ್ 1916ರಲ್ಲಿ, ಓಝಾರ್ಕ್ ಮತ್ತು ಕ್ವಾಪಾ 1922ರಲ್ಲಿ, ಲಮಾರ್ 1923ರಲ್ಲಿ ಬಾಗಿಲು ತೆರೆದವು. ಸಾಲಿನಲ್ಲಿ ಎಲ್ಲಕ್ಕಿಂತ ಹಳೆಯದಾದ ಹೇಲ್ 1892ರದು.

ಇವುಗಳ ವೈಭವಕ್ಕೆ ಫೋರ್ಡೈಸ್ ಒಂದನ್ನು ನೋಡಿದರೆ ಸಾಕು. ಆ ಕಾಲದಲ್ಲಿ ಅದಕ್ಕೆ ತಗುಲಿದ ವೆಚ್ಚ 2 ಲಕ್ಷ 12 ಸಾವಿರ ಡಾಲರಿಗೂ ಹೆಚ್ಚು. ಮೂರು ಅಂತಸ್ತು, ವ್ಯಾಯಾಮಶಾಲೆ, ನೆಲಮಾಳಿಗೆಯಲ್ಲಿ ಬೌಲಿಂಗ್ ಆಟದ ಅಂಗಳ. ಗಂಡಸರ ಸ್ನಾನದ ಹಜಾರದ ಸೂರಿನಲ್ಲಿ ಜಲಚರ ಲೋಕವನ್ನು ಚಿತ್ರಿಸಿದ ಬಣ್ಣದ ಗಾಜು. ಹೆಂಗಸರ ಹಜಾರ ಅಷ್ಟು ದೊಡ್ಡದೂ ಅಲ್ಲ, ಅಷ್ಟು ಅಲಂಕೃತವೂ ಅಲ್ಲ. ಕಟ್ಟಡದ ನಕ್ಷೆಯೂ ಸಮಾಜವನ್ನು ಕುರಿತು ಮಾತನಾಡುತ್ತದೆ.

ಕ್ವಾಪಾ ಮಹಲನ್ನು ವಿನ್ಯಾಸ ಮಾಡಿದವರೂ ಫೋರ್ಡೈಸ್ ಮಹಲಿನ ವಾಸ್ತುಶಿಲ್ಪಿಗಳಾದ ಜಾರ್ಜ್ ಮ್ಯಾನ್ ಮತ್ತು ಯೂಜೀನ್ ಸ್ಟರ್ನ್. ಹಿಂದೆ ಎರಡು ಸ್ನಾನಗೃಹಗಳಿದ್ದ ನಿವೇಶನವನ್ನು ಒಂದುಗೂಡಿಸಿ ಕಟ್ಟಿದ್ದರಿಂದ ಇದರ ಮುಂಭಾಗ ಬಹಳ ಉದ್ದ. ಶೈಲಿ ಸ್ಪ್ಯಾನಿಷ್ ವಸಾಹತು ಮಾದರಿಯದು. ಗೋಡೆಗಳ ಮೇಲೆ ಶಂಖ-ಚಿಪ್ಪು, ಮೀನುಗಳ ಉಬ್ಬುಚಿತ್ರ. ಮಹಲಿನ ನೆಲಮಾಳಿಗೆಯಲ್ಲಿಯೇ ಒಂದು ಬುಗ್ಗೆಯಿದೆ. ಅದಕ್ಕೊಂದು ಮೂಲನಿವಾಸಿಗಳ ಗುಹೆಯ ಕಥೆಯನ್ನು ಜೋಡಿಸಿ ಜಾಹೀರಾತು ಮಾಡಿದ್ದೂ ಉಂಟು.

ಒಳಗೆ ದುಡಿದವರು

ಸ್ನಾನವೆಂದರೆ ಮೈಮೇಲೆ ನಾಲ್ಕು ತಂಬಿಗೆ ನೀರು ಸುರಿದುಕೊಳ್ಳುವುದಲ್ಲ. ಅದೊಂದು ಕ್ರಮಬದ್ಧ ವಿಧಿ. ವೈದ್ಯರು ಸಾಮಾನ್ಯವಾಗಿ 21 ಸ್ನಾನಗಳ, ಅಂದರೆ ಮೂರು ವಾರಗಳ ಚಿಕಿತ್ಸೆ ಬರೆದುಕೊಡುತ್ತಿದ್ದರು. ಮೊದಲು ದೊಡ್ಡ ತೊಟ್ಟಿಯಲ್ಲಿ ಮೈ ಕಾವಿಗಿಂತ ತುಸು ಹೆಚ್ಚು ಬಿಸಿಯಾದ ನೀರಿನಲ್ಲಿ ಸುಮಾರು 20 ನಿಮಿಷ. ಸಹಾಯಕ ಬೆನ್ನು, ಕೈಕಾಲು ತಿಕ್ಕುತ್ತಾನೆ. ಬಳಿಕ ಕತ್ತು ಮಾತ್ರ ಹೊರಗಿರುವ ಹಬೆಪೆಟ್ಟಿಗೆಯಲ್ಲಿ ಕೆಲವು ನಿಮಿಷ. ನೋವಿರುವ ಕೀಲುಗಳಿಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ. ಆಮೇಲೆ ಸುತ್ತಲಿನ ಕೊಳವೆಗಳಿಂದ ಸೂಜಿಯಂತೆ ಚಿಮ್ಮುವ ನೀರು. ಕೊನೆಗೆ ತಂಪಾದ ಕೋಣೆಯಲ್ಲಿ ವಿಶ್ರಾಂತಿ, ಅಂಗಮರ್ದನ.

62 ಡಿಗ್ರಿಯ ನೀರಿನಲ್ಲಿ ಯಾರೂ ಇಳಿಯಲಾರರಷ್ಟೆ. ಆದ್ದರಿಂದ ಬುಗ್ಗೆಯ ನೀರಿನಲ್ಲಿ ಒಂದು ಪಾಲನ್ನು ತೊಟ್ಟಿಗಳಲ್ಲಿ ತಣಿಸಿ ಇಟ್ಟುಕೊಂಡು, ಬಿಸಿನೀರಿನೊಡನೆ ಬೆರೆಸಿ ಹದಮಾಡುತ್ತಿದ್ದರು. ಹಂಡೆಯ ನೀರಿಗೆ ನಾವು ಬೆರಕೆ ಮಾಡಿಕೊಳ್ಳುವಂತೆಯೇ. ಹಬೆ ತುಂಬಿದ ಆ ಕೋಣೆಗಳಲ್ಲಿ ಇಡೀ ದಿನ ಹದ ನೋಡುತ್ತ, ಮೈ ತಿಕ್ಕುತ್ತ, ರೋಗಿಗಳನ್ನು ಎತ್ತಿ ಇಳಿಸುತ್ತ ದುಡಿದವರು ಯಾರು? ಬಹುಪಾಲು ಕರಿಯ ಜನಾಂಗದ ಗಂಡಸರು ಮತ್ತು ಹೆಂಗಸರು. ಸಿಫಿಲಿಸ್ ರೋಗಕ್ಕೆ ಪಾದರಸದ ಮುಲಾಮು ತಿಕ್ಕುವ ಚಿಕಿತ್ಸೆಯೂ ಆ ಊರಿನಲ್ಲಿ ರೂಢಿಯಲ್ಲಿತ್ತು. ಪಾದರಸ ವಿಷವೆಂಬುದು ನಿಮಗೆ ಗೊತ್ತು. ಅದು ರೋಗಿಯ ಮೈಗೆ ಇಳಿಯುವಾಗ ತಿಕ್ಕುವವರ ಅಂಗೈಗೂ ತಾಗಿಯೇ ತಾಗುತ್ತದೆ.

ಇಷ್ಟು ದುಡಿದವರಿಗೆ ಆ ತೊಟ್ಟಿಗಳಲ್ಲಿ ಸ್ನಾನ ಮಾಡುವ ಹಕ್ಕಿರಲಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅಂದು ವರ್ಣಭೇದ ಕಾನೂನಾಗಿತ್ತು. 1896ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ‘ಬೇರೆ, ಆದರೆ ಸಮಾನ’ ಎಂಬ ಸೂತ್ರವನ್ನು ಎತ್ತಿಹಿಡಿದಿತ್ತು. ಸಮಾನ ಎಂಬುದು ಬರಿಯ ಮಾತು, ಬೇರೆ ಎಂಬುದೇ ವಾಸ್ತವ. ನೀರು ಇಡೀ ದೇಶದ ಸ್ವತ್ತು, ನೆಲ ರಾಷ್ಟ್ರೀಯ ಉದ್ಯಾನ, ಆದರೂ ಮಹಲುಗಳ ಸಾಲು ಬಿಳಿಯರಿಗೆ ಮೀಸಲು.

ಕರಿಯರು ಸುಮ್ಮನೆ ಕೂರಲಿಲ್ಲ. 1904ರಲ್ಲಿ ಅವರಿಗಾಗಿ ಕ್ರಿಸ್ಟಲ್ ಎಂಬ ಸ್ನಾನಗೃಹ ತೆರೆಯಿತು. 1913ರ ಸೆಪ್ಟೆಂಬರಿನಲ್ಲಿ ಊರನ್ನು ಆವರಿಸಿದ ಭಾರಿ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ಮರುವರ್ಷವೇ ಅದೇ ಜಾಗದಲ್ಲಿ ಕರಿಯರ ಪಿಥಿಯನ್ ಸೋದರ ಸಂಘ ಹೊಸ ಸ್ನಾನಗೃಹ ಕಟ್ಟಿತು. 1920ರ ದಶಕದಲ್ಲಿ ‘ವುಡ್‌ಮೆನ್ ಆಫ್ ಯೂನಿಯನ್’ ಎಂಬ ಮತ್ತೊಂದು ಸಂಘ ಸ್ನಾನಗೃಹ, ವಸತಿ, ಆಸ್ಪತ್ರೆ, ಸಭಾಂಗಣ ಎಲ್ಲವೂ ಇದ್ದ ದೊಡ್ಡ ಕಟ್ಟಡವನ್ನೇ ಎಬ್ಬಿಸಿತು. ದೂರದೂರದ ಊರುಗಳಿಂದ ಕರಿಯ ಪ್ರವಾಸಿಗರು ಅಲ್ಲಿಗೆ ಬರುತ್ತಿದ್ದರು. ವರ್ಣಭೇದಕ್ಕೆ ಕಾನೂನಿನ ಬೆಂಬಲ ತಪ್ಪಿದ್ದು 1964ರ ನಾಗರಿಕ ಹಕ್ಕುಗಳ ಕಾಯಿದೆಯಿಂದ. ಸಾಲಿನ ಮಹಲುಗಳ ಬಾಗಿಲು ಎಲ್ಲರಿಗೂ ತೆರೆಯುವ ಹೊತ್ತಿಗೆ ಆ ಮಹಲುಗಳೇ ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಇತಿಹಾಸದಲ್ಲಿ ನ್ಯಾಯ ಕೆಲವೊಮ್ಮೆ ಹೀಗೆ ತಡವಾಗಿ ಬರುತ್ತದೆ.

ಬಾಗಿಲು ಮುಚ್ಚಿದ ಕಾಲ

ಮಹಲುಗಳು ಮುಚ್ಚಿದ್ದು ಏಕೆ? ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಕಿವಿಗೊಡಬೇಕು. 1928ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಗುರುತಿಸಿದ ಪೆನಿಸಿಲಿನ್, 1943ರಲ್ಲಿ ಸಿಫಿಲಿಸ್ ರೋಗವನ್ನು ಗುಣಪಡಿಸಬಲ್ಲದೆಂದು ಖಚಿತವಾಯಿತು. ಮೂರು ವಾರ ಬಿಸಿನೀರಿನಲ್ಲಿ ಮುಳುಗಿ, ಪಾದರಸ ತಿಕ್ಕಿಸಿಕೊಂಡರೂ ಹೋಗದ ರೋಗ ಕೆಲವು ಚುಚ್ಚುಮದ್ದಿನಿಂದ ಹೋಗತೊಡಗಿತು. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಸ್ನಾನಕ್ಕೆ ಬಂದವರ ಸಂಖ್ಯೆ ಶಿಖರ ಮುಟ್ಟಿತ್ತು. ಅಲ್ಲಿಂದ ಮುಂದೆ ಇಳಿತವೇ. ವೈದ್ಯರು ಸ್ನಾನವನ್ನು ಬರೆದುಕೊಡುವುದು ಕಡಿಮೆಯಾಯಿತು. ಸ್ವಂತ ಕಾರು ಬಂದ ಮೇಲೆ ಜನ ಒಂದೇ ಊರಿನಲ್ಲಿ ಮೂರು ವಾರ ಕೂರದೆ ಊರೂರು ಸುತ್ತತೊಡಗಿದರು.

1962ರಲ್ಲಿ ಎಲ್ಲಕ್ಕಿಂತ ವೈಭವದ ಫೋರ್ಡೈಸ್ ಮೊದಲು ಮುಚ್ಚಿತು. ಕ್ವಾಪಾ 1968ರಲ್ಲಿ ಮುಚ್ಚಿ, ಬಳಿಕ ಬೇರೆ ಹೆಸರಿನಲ್ಲಿ ಆರೋಗ್ಯ ಸೇವಾ ಕೇಂದ್ರವಾಗಿ ಕೆಲಕಾಲ ನಡೆದು, 1984ರಲ್ಲಿ ಮತ್ತೆ ಮುಚ್ಚಿತು. 1985ರಲ್ಲಿ ಲಮಾರ್ ಮುಚ್ಚಿದಾಗ ಎಂಟರಲ್ಲಿ ಉಳಿದದ್ದು ಬಕ್‌ಸ್ಟಾಫ್ ಒಂದೇ.

ಮುಚ್ಚಿದ ಮನೆ ಎಷ್ಟು ಬೇಗ ಹಾಳಾಗುತ್ತದೆಂಬುದು ಹಳ್ಳಿಯವರಿಗೆ ಚೆನ್ನಾಗಿ ಗೊತ್ತು. ದೀಪ ಹಚ್ಚದ ಮನೆ ಬೇಗ ಕುಸಿಯುತ್ತದೆ ಎನ್ನುತ್ತಾರೆ. ಇದು ಬರಿಯ ನಂಬಿಕೆಯಲ್ಲ. ಜನ ವಾಸವಿದ್ದರೆ ಸೋರುವ ಸೂರು ಆ ದಿನವೇ ಕಣ್ಣಿಗೆ ಬೀಳುತ್ತದೆ, ಕಿಟಕಿ ತೆರೆದು ಗಾಳಿಯಾಡುತ್ತದೆ, ತೇವ ಆರುತ್ತದೆ. ಯಾರೂ ಇಲ್ಲದಿದ್ದರೆ ಒಂದು ಹೆಂಚಿನ ಬಿರುಕು ಹತ್ತು ವರ್ಷದಲ್ಲಿ ಇಡೀ ಮಾಳಿಗೆಯನ್ನೇ ತಿನ್ನುತ್ತದೆ.

ಮತ್ತೆ ಹಚ್ಚಿದ ದೀಪ

ಕೆಡವಿ ಹೊಸದು ಕಟ್ಟಬಹುದಿತ್ತಲ್ಲವೆ ಎಂದು ನೀವು ಕೇಳಬಹುದು. ಕಟ್ಟಡಗಳಿದ್ದದ್ದು ರಾಷ್ಟ್ರೀಯ ಉದ್ಯಾನದಲ್ಲಿ ಎಂಬುದು ಇಲ್ಲಿ ನೆರವಿಗೆ ಬಂತು. 1974ರಲ್ಲಿ ಸ್ನಾನಗೃಹಗಳ ಸಾಲನ್ನು ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. 1987ರಲ್ಲಿ ಅದಕ್ಕೂ ಮೇಲಿನ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಿನ ಸ್ಥಾನ ದೊರೆಯಿತು. 1989ರಲ್ಲಿ ಫೋರ್ಡೈಸ್ ಮಹಲು ಉದ್ಯಾನದ ಸಂದರ್ಶಕರ ಕೇಂದ್ರವೂ ವಸ್ತುಸಂಗ್ರಹಾಲಯವೂ ಆಗಿ ಮರಳಿ ತೆರೆಯಿತು.

ಆದರೆ ಎಂಟು ಮಹಲುಗಳನ್ನೂ ವಸ್ತುಸಂಗ್ರಹಾಲಯ ಮಾಡಲಾಗುವುದಿಲ್ಲ. ಆಗ ಹೊಳೆದ ದಾರಿ ದೀರ್ಘಾವಧಿಯ ಗುತ್ತಿಗೆ. ಕಟ್ಟಡದ ಒಡೆತನ ಸರ್ಕಾರದಲ್ಲೇ ಉಳಿಯಬೇಕು. ಸೂರು, ಗೋಡೆ, ಅಪಾಯಕರ ಹಳೆಯ ಸಾಮಗ್ರಿಗಳ ವಿಲೇವಾರಿ ಮುಂತಾದ ಮೂಲಭೂತ ರಿಪೇರಿಯನ್ನು ಉದ್ಯಾನ ಇಲಾಖೆ ಮಾಡಬೇಕು. ಒಳಗಿನ ಸಜ್ಜಿಕೆಗೆ ಗುತ್ತಿಗೆದಾರ ಹಣ ಹೂಡಿ ತನ್ನ ವ್ಯವಹಾರ ನಡೆಸಬೇಕು. ಐತಿಹಾಸಿಕ ಲಕ್ಷಣಗಳಿಗೆ ಧಕ್ಕೆ ತರಕೂಡದು. ಅಮೆರಿಕದಲ್ಲಿ ಇಂಥ ಪುನರುಜ್ಜೀವನಕ್ಕೆ ಲಿಖಿತ ಸೂತ್ರಗಳಿವೆ: ಬದಲಿಸುವ ಮೊದಲು ರಿಪೇರಿ ಸಾಧ್ಯವೇ ನೋಡಬೇಕು, ಹಳೆಯದನ್ನು ಹೋಲುವ ನಕಲಿ ಇತಿಹಾಸ ಸೃಷ್ಟಿಸಬಾರದು, ಹೊಸದಾಗಿ ಸೇರಿಸಿದ್ದನ್ನು ಮುಂದೊಂದು ದಿನ ತೆಗೆದರೂ ಮೂಲ ಕಟ್ಟಡ ಹಾಗೆಯೇ ಉಳಿಯಬೇಕು.

ಈ ದಾರಿಯಲ್ಲಿ ಕ್ವಾಪಾ 2008ರಲ್ಲಿ ಡೇ ಸ್ಪಾ ಆಗಿ ತೆರೆಯಿತು. ಹಿಂದೆ ಒಬ್ಬೊಬ್ಬರಿಗೆ ಒಂದೊಂದು ತೊಟ್ಟಿ ಇದ್ದ ಕಡೆ ಈಗ ಹಲವರು ಒಟ್ಟಿಗೆ ಇಳಿಯಬಹುದಾದ ಕೊಳಗಳು ಬಂದವು. ಒಂದೊಂದು ಕೊಳದ ನೀರಿಗೆ ಒಂದೊಂದು ಹದದ ಬಿಸಿ, ಮೇಲೆ ಬಣ್ಣದ ಗಾಜಿನ ಸೂರು. ನೆಲಮಾಳಿಗೆಯ ಬುಗ್ಗೆಯ ಹಬೆಯನ್ನೇ ಬಳಸಿಕೊಂಡು ಹಬೆಗುಹೆಯೊಂದನ್ನು ಮಾಡಿದರು. ಇಪ್ಪತ್ತನಾಲ್ಕು ವರ್ಷ ಒಣಗಿದ್ದ ಮಹಲಿನೊಳಗೆ ಮತ್ತೆ ಬೆಟ್ಟದ ನೀರು ಹರಿಯಿತು. ರೋಗ ಗುಣಪಡಿಸುತ್ತೇವೆಂಬ ಹಳೆಯ ಮಾತು ಈಗಿಲ್ಲ. ಬೆಚ್ಚನೆಯ ನೀರು ಸ್ನಾಯುಗಳ ಬಿಗಿತ ಸಡಿಲಿಸುತ್ತದೆ, ನೀರಿನಲ್ಲಿ ದೇಹದ ಭಾರ ಕಡಿಮೆಯಾಗಿ ಕೀಲುಗಳಿಗೆ ಆರಾಮವೆನಿಸುತ್ತದೆ. ಇಷ್ಟು ಹೇಳಿದರೆ ಸುಳ್ಳಾಗುವುದಿಲ್ಲ.

ನೆರೆಯ ಮಹಲುಗಳಿಗೂ ಹೊಸ ಕೆಲಸ ಸಿಕ್ಕಿತು. ಸುಪೀರಿಯರ್ 2013ರಲ್ಲಿ ಬುಗ್ಗೆಯ ನೀರಿನಿಂದಲೇ ಬಿಯರ್ ತಯಾರಿಸುವ ಜಾಗವಾಯಿತು. ಹೇಲ್ 2019ರಲ್ಲಿ ಹೋಟೆಲಾಯಿತು. ಲಮಾರ್ ಉದ್ಯಾನದ ಅಂಗಡಿಯಾಯಿತು, ಓಝಾರ್ಕ್ ಕಲಾಪ್ರದರ್ಶನದ ತಾಣವಾಯಿತು. ಬಕ್‌ಸ್ಟಾಫ್ ಹಳೆಯ ಪದ್ಧತಿಯ ಸ್ನಾನವನ್ನು ಮುಂದುವರಿಸಿತು.

ಚೌಕಟ್ಟಿನ ಹೊರಗೆ

ಈಗ ನಮ್ಮ ಮೊದಲ ಪ್ರಶ್ನೆಗೆ ಮರಳೋಣ. ಗೋಡೆ ಉಳಿಯಿತು, ಗುಮ್ಮಟ ಉಳಿಯಿತು, ನೀರೂ ಮರಳಿತು. ಕಥೆ?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಹಳೆಯ ತೊಟ್ಟಿಮನೆಯೊಂದರ ಮೇಲೆ ಚಿತ್ರ ಮಾಡಲು ನಮ್ಮ ತಂಡ ಹೋಗಿತ್ತು. ಮನೆಯ ಯಜಮಾನರೊಡನೆ ನಲವತ್ತು ನಿಮಿಷ ಮಾತನಾಡಿಸಿ ಚಿತ್ರೀಕರಿಸಿದೆವು. ಕಂಬಗಳ ಕೆತ್ತನೆ, ನಾಡಹೆಂಚು, ತೊಟ್ಟಿಯೊಳಗೆ ಬೀಳುವ ಬಿಸಿಲು ಎಲ್ಲ ಸೊಗಸಾಗಿ ಮೂಡಿದವು. ಬಚ್ಚಲುಮನೆಯ ಬಳಿ ಒಬ್ಬ ಅಜ್ಜಿ ನಿಂತಿದ್ದರು. “ಅಜ್ಜಿ, ಸ್ವಲ್ಪ ಆ ಕಡೆ ಸರೀತೀರಾ, ಚಿತ್ರದಲ್ಲಿ ಅಡ್ಡ ಬರ್ತೀರಿ” ಎಂದೆ. ಅವರು ಮಾತಿಲ್ಲದೆ ಸರಿದರು. ಸಾಮಾನು ಕಟ್ಟುವಾಗ ತಿಳಿಯಿತು, ನಲವತ್ತು ವರ್ಷ ಆ ಮನೆಯ ನೀರೊಲೆಗೆ ಉರಿ ಹಾಕಿದವರು ಅವರೇ ಎಂದು. ಆ ಮನೆಯ ಹಬ್ಬ, ಬಾಣಂತನ, ಸಾವು-ನೋವು ಎಲ್ಲವನ್ನೂ ಆ ಒಲೆಯ ಮುಂದೆ ಕುಳಿತು ಕಂಡವರನ್ನು ಒಂದು ಪ್ರಶ್ನೆಯನ್ನೂ ಕೇಳದೆ ಚೌಕಟ್ಟಿನಿಂದ ಹೊರಗೆ ಕಳಿಸಿದ್ದೆ. ಮತ್ತೊಮ್ಮೆ ಹೋಗಬೇಕೆಂದುಕೊಂಡೆ. ಹೋಗುವಷ್ಟರಲ್ಲಿ ಅವರು ಇರಲಿಲ್ಲ.

ಹಾಟ್ ಸ್ಪ್ರಿಂಗ್ಸ್‌ನ ಚರಿತ್ರೆ ಓದುವಾಗಲೆಲ್ಲ ನನಗೆ ಆ ಅಜ್ಜಿ ನೆನಪಾಗುತ್ತಾರೆ. ಅಲ್ಲಿಯ ಉದ್ಯಾನ ಇಲಾಖೆ ಈಗ ಕರಿಯ ಸಹಾಯಕರ ದುಡಿಮೆಯನ್ನೂ, ಪಿಥಿಯನ್ ಮತ್ತು ವುಡ್‌ಮೆನ್ ಸ್ನಾನಗೃಹಗಳ ಕಥೆಯನ್ನೂ ತನ್ನ ಚರಿತ್ರೆಯ ಭಾಗವಾಗಿಯೇ ಹೇಳುತ್ತದೆ. ಇದು ಒಳ್ಳೆಯ ಬೆಳವಣಿಗೆ. ಹಣ ಕೊಟ್ಟು ಕ್ವಾಪಾ ಮಹಲಿನ ಕೊಳಕ್ಕೆ ಇಳಿಯುವವರೆಲ್ಲ ಅದನ್ನು ಓದುತ್ತಾರೆಂದಲ್ಲ. ಆದರೆ ಕಟ್ಟಡ ನಿಂತಿರುವುದರಿಂದಲೇ ಆ ಕಥೆ ಹೇಳಲು ಒಂದು ಜಾಗವಿದೆ. ಕೆಡವಿದ್ದರೆ ತೋರಿಸಿ ಹೇಳಲು ಏನೂ ಇರುತ್ತಿರಲಿಲ್ಲ. ಹಳೆಯ ಮಹಲನ್ನು ವ್ಯಾಪಾರಕ್ಕೆ ಕೊಟ್ಟರೆ ಅದರ ಗೌರವ ಕುಂದುತ್ತದೆ ಎನ್ನುವವರಿದ್ದಾರೆ. ಕ್ವಾಪಾ ಮಟ್ಟಿಗೆ ಆ ಮಾತು ಒಪ್ಪುವುದಿಲ್ಲ. ಅದು ಹುಟ್ಟಿದ್ದೇ ಸ್ನಾನಕ್ಕಾಗಿ, ಬದುಕಿದ್ದೂ ವ್ಯಾಪಾರದಿಂದಲೇ. ಕೇಳಬೇಕಾದ್ದು, ಹೊಸ ಬಳಕೆ ಹಳೆಯ ಕಥೆಗೆ ಬಾಯಿ ಕೊಡುತ್ತದೆಯೇ, ಬೀಗ ಹಾಕುತ್ತದೆಯೇ ಎಂಬುದನ್ನು.

ನಿಮಗೊಂದು ಕೆಲಸ ಹೇಳುತ್ತೇನೆ. ನಿಮ್ಮ ಊರಿನಲ್ಲಿ ಹಳೆಯ ಛತ್ರ, ಮಹಲು, ತೊಟ್ಟಿಮನೆ, ಗಿರಣಿ ಯಾವುದಾದರೂ ಇದ್ದೀತು. ಅದು ಈಗ ಬ್ಯಾಂಕೋ ಹೋಟೆಲೋ ಕಚೇರಿಯೋ ಆಗಿರಬಹುದು. ಮುಂದಿನ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಅಲ್ಲಿಗೆ ಹೋಗಿ. ಕಟ್ಟಿಸಿದವರ ಹೆಸರು ಗೋಡೆಯ ಕಲ್ಲಿನ ಮೇಲೆ ಹೇಗೂ ಇರುತ್ತದೆ. ಅದನ್ನು ಬರೆದುಕೊಂಡ ಮೇಲೆ ಹಿಂಬಾಗಿಲ ಕಡೆ ನಡೆಯಿರಿ. ನೀರು ಹೊತ್ತವರು, ಕಸ ಗುಡಿಸಿದವರು, ಒಲೆ ಉರಿಸಿದವರು ಯಾರೆಂದು ಕೇಳಿ. ಅವರಲ್ಲಿ ಯಾರಾದರೂ ಬದುಕಿದ್ದರೆ ಅವರ ಮುಂದೆ ಕುಳಿತು ಕೇಳಿ. ನಾಳೆ ಕೇಳೋಣವೆಂದು ಮುಂದೂಡಬೇಡಿ.